ದ್ವಿಪರಿಮಾಣದ ಎಲೆಕ್ಟ್ರಾನುಗಳೂ ಧಾರವಾಡದ ಸಂಶೋಧನೆಯೂ: ಒಂದು ಐತಿಹಾಸಿಕ ಅವಲೋಕನ

1. ವಿಷಯ ಪ್ರವೇಶ

ಹುಬ್ಬಳ್ಳಿ-ಧಾರವಾಡ ಪ್ರದೇಶದ ಇತಿಹಾಸವನ್ನು ಕುರಿತ ಸಂಶೋಧನೆಯು ಬಹುಮಟ್ಟಿಗೆ ಶಾಸನಗಳನ್ನೂ ದೇವಾಲಯಗಳನ್ನೂ ರಾಜವಂಶಗಳನ್ನೂ, ಈಚಿನ ಕಾಲಕ್ಕೆ ಬಂದರೆ ಸ್ವಾತಂತ್ರ್ಯ ಹಾಗೂ ಏಕೀಕರಣದ ಚಳವಳಿಗಳನ್ನೂ ಆಶ್ರಯಿಸಿ ನಡೆದಿದೆ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾದಂದಿನಿಂದ ಈ ದಿಶೆಯಲ್ಲಿ ನಡೆದ ಕಾರ್ಯವು ಸ್ತುತ್ಯವಾದುದು. ಆದರೆ ಅದೇ ಧಾರವಾಡದಲ್ಲಿ, ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ, ಭೌತವಿಜ್ಞಾನದ ಒಂದು ಹೊಸ ಶಾಖೆಯ ಬೆಳವಣಿಗೆಯಲ್ಲಿ ನಮ್ಮವರು ಪಾಲ್ಗೊಂಡರೆಂಬ ಸಂಗತಿಯು ಪ್ರಾದೇಶಿಕ ಇತಿಹಾಸದ ಗ್ರಂಥಗಳಲ್ಲಿ ಎಲ್ಲಿಯೂ ಸೇರಿಲ್ಲ. ಅರೆವಾಹಕಗಳ ಅತಿ ತೆಳುವಾದ ಪದರಗಳಲ್ಲಿ, ಅಂದರೆ ವಿಜ್ಞಾನಿಗಳು 'ಕ್ವಾಂಟಂ ಬಾವಿ' ಎಂದು ಕರೆಯುವ ರಚನೆಗಳಲ್ಲಿ, ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆಂಬುದೇ ಆ ಶಾಖೆಯ ವಿಷಯ.

ಇತಿಹಾಸದ ವಿದ್ಯಾರ್ಥಿಗೆ ಇದು ತನ್ನ ಕ್ಷೇತ್ರದ ಹೊರಗಿನ ಮಾತೆಂದು ತೋರಬಹುದು. ಆದರೆ ಒಂದು ನಾಡಿನ ಬೌದ್ಧಿಕ ಜೀವನವು ಆ ನಾಡಿನ ಇತಿಹಾಸದ ಅಂಗವೆಂದು ಒಪ್ಪಿದ ಮೇಲೆ ಅದರ ಪ್ರಯೋಗಶಾಲೆಗಳನ್ನೂ ಗಣಿತದ ಹಾಳೆಗಳನ್ನೂ ಹೊರಗಿಡಲು ಕಾರಣವಿಲ್ಲ. ಪ್ರಸ್ತುತ ಲೇಖನದಲ್ಲಿ ಮೊದಲು ಈ ವಿಷಯದ ಸ್ವರೂಪವನ್ನು ಸಂಕ್ಷೇಪವಾಗಿ ವಿವರಿಸಿ, ಬಳಿಕ ಜಗತ್ತಿನಲ್ಲಿ ಅದು ಬೆಳೆದು ಬಂದ ಬಗೆಯನ್ನು ತಿಳಿಸಿ, ಅನಂತರ ಒಂದು ಮುಖ್ಯ ಪ್ರಶ್ನೆಯನ್ನು ಎತ್ತಿಕೊಳ್ಳಲಾಗಿದೆ. ಇಂಥ ಸ್ಫಟಿಕಗಳನ್ನು ಬೆಳೆಸುವ ಯಂತ್ರಗಳು ಅಮೇರಿಕ, ಜಪಾನ, ಯುರೋಪುಗಳ ಸಿರಿವಂತ ಪ್ರಯೋಗಶಾಲೆಗಳಲ್ಲಿ ಮಾತ್ರ ಇದ್ದ ಕಾಲದಲ್ಲಿ ಧಾರವಾಡದಂತಹ ಊರಿನ ವಿದ್ವಾಂಸರು ಆ ಶಾಸ್ತ್ರದ ಮುಂಚೂಣಿಯ ಚರ್ಚೆಯಲ್ಲಿ ಹೇಗೆ ಭಾಗಿಗಳಾದರು? ಈ ಪ್ರಶ್ನೆಗೆ ದೊರೆಯುವ ಉತ್ತರವು ಪ್ರಾಂತೀಯ ವಿಶ್ವವಿದ್ಯಾಲಯಗಳ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿಕೊಡುತ್ತದೆ.

2. ಕ್ವಾಂಟಂ ಬಾವಿಯ ಸ್ವರೂಪ

ಎಲೆಕ್ಟ್ರಾನು ಎಂಬ ಋಣ ವಿದ್ಯುತ್ಕಣವನ್ನು 1897ರಲ್ಲಿ ಜೆ. ಜೆ. ಥಾಮ್ಸನ್ ಗುರುತಿಸಿದರು. ಲೋಹದಲ್ಲಾಗಲಿ ಅರೆವಾಹಕದಲ್ಲಾಗಲಿ ಈ ಕಣವು ಸಾಮಾನ್ಯವಾಗಿ ಉದ್ದ, ಅಗಲ, ದಪ್ಪ ಎಂಬ ಮೂರು ದಿಕ್ಕುಗಳಲ್ಲಿಯೂ ಸಂಚರಿಸಬಲ್ಲುದು. 1924ರಲ್ಲಿ ಲೂಯಿ ದ ಬ್ರಾಯ್ ಅವರು ಚಲಿಸುವ ಪ್ರತಿಯೊಂದು ಕಣಕ್ಕೂ ತರಂಗದ ಗುಣವುಂಟೆಂದು ಪ್ರತಿಪಾದಿಸಿದರು. ಈ ತತ್ತ್ವದ ಒಂದು ಪರಿಣಾಮವೇನೆಂದರೆ, ಎಲೆಕ್ಟ್ರಾನನ್ನು ಅದರ ತರಂಗದ ಉದ್ದಕ್ಕೆ ಸಮೀಪವಾದ ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ ಅದು ಮನಬಂದ ಶಕ್ತಿಯನ್ನು ಹೊಂದಲಾರದು. ಎರಡೂ ತುದಿಗಳಲ್ಲಿ ಬಿಗಿದ ತಂಬೂರಿಯ ತಂತಿಯು ತನ್ನ ಉದ್ದಕ್ಕೆ ಒಪ್ಪುವ ಸ್ವರಗಳನ್ನು ಮಾತ್ರ ಹೊರಡಿಸುವಂತೆ, ಇಕ್ಕಟ್ಟಿನಲ್ಲಿರುವ ಎಲೆಕ್ಟ್ರಾನಿಗೆ ಕೆಲವೇ ಶಕ್ತಿಮಟ್ಟಗಳು ಲಭ್ಯವಾಗುತ್ತವೆ.

ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ತೆಳುವಾದ ಪದರವೊಂದನ್ನು ಅಲ್ಯೂಮಿನಿಯಂ ಬೆರೆತ ಅದೇ ಜಾತಿಯ ಎರಡು ಪದರಗಳ ನಡುವೆ ಇಟ್ಟರೆ, ಮಧ್ಯದ ಪದರದಲ್ಲಿರುವ ಎಲೆಕ್ಟ್ರಾನುಗಳಿಗೆ ಇಕ್ಕೆಲದ ಪದರಗಳು ಗೋಡೆಗಳಂತೆ ಪರಿಣಮಿಸುತ್ತವೆ. ಶಕ್ತಿಯ ನಕ್ಷೆಯನ್ನು ಬರೆದಾಗ ಮಧ್ಯಭಾಗವು ತಗ್ಗಾಗಿಯೂ ಎರಡು ಪಕ್ಕಗಳು ಎತ್ತರವಾಗಿಯೂ ಕಾಣುವುದರಿಂದ ಇದಕ್ಕೆ ಬಾವಿಯೆಂಬ ಹೆಸರು ಬಂದಿತು. ಮಧ್ಯದ ಪದರದ ದಪ್ಪ ಸುಮಾರು 10 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಒಂದು ಲಕ್ಷದ ಒಂದು ಭಾಗ, ಇರಬಹುದು. ಗೋಡೆಗಳು ಅತ್ಯಂತ ಎತ್ತರವಾಗಿವೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಇಂಥ ಬಾವಿಯಲ್ಲಿ ಅತ್ಯಂತ ಕೆಳಗಿನ ಶಕ್ತಿಮಟ್ಟವು ಸುಮಾರು 56 ಮಿಲಿ ಎಲೆಕ್ಟ್ರಾನ್ ವೋಲ್ಟಿನಷ್ಟಾಗುತ್ತದೆ. ಎರಡನೆಯದು ಅದರ ನಾಲ್ಕು ಪಟ್ಟು. ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ಕಣಕ್ಕೆ ದೊರೆಯುವ ಉಷ್ಣಶಕ್ತಿಯ ಪ್ರಮಾಣವು ಕೇವಲ 26 ಮಿಲಿ ಎಲೆಕ್ಟ್ರಾನ್ ವೋಲ್ಟ್. ಅತಿ ಶೀತದಲ್ಲಂತೂ ಅದು ನಗಣ್ಯ. ಆದುದರಿಂದ ಎಲೆಕ್ಟ್ರಾನುಗಳೆಲ್ಲ ಮೊದಲನೆಯ ಮಟ್ಟದಲ್ಲಿಯೇ ನಿಲ್ಲುತ್ತವೆ, ಮೇಲಿನದಕ್ಕೆ ಏರಲಾರವು. ದಪ್ಪದ ದಿಕ್ಕಿನಲ್ಲಿ ಅವುಗಳ ಚಲನೆ ಹೀಗೆ ಕಟ್ಟಿಹೋಗಿ, ಪದರದ ಉದ್ದಗಲಗಳಲ್ಲಿ ಮಾತ್ರ ಅವು ಸ್ವತಂತ್ರವಾಗಿ ಸಂಚರಿಸುತ್ತವೆ. ಇದನ್ನೇ ದ್ವಿಪರಿಮಾಣದ ಎಲೆಕ್ಟ್ರಾನ್ ಸಮುದಾಯವೆಂದು ಕರೆಯುತ್ತಾರೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಾವಿಯ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿಮಟ್ಟವು ನಾಲ್ಕು ಪಟ್ಟು ಏರುತ್ತದೆ. ಪದರವನ್ನು ಬೆಳೆಸುವವನು ಅದರ ದಪ್ಪವನ್ನು ನಿಶ್ಚಯಿಸಿದಂತೆಲ್ಲ ಎಲೆಕ್ಟ್ರಾನಿನ ಶಕ್ತಿಯನ್ನೂ ನಿಶ್ಚಯಿಸುತ್ತಾನೆ. ಅಲ್ಲಿಯವರೆಗೆ ನಿಸರ್ಗದತ್ತವಾದ ವಸ್ತುವಿನ ಗುಣಗಳನ್ನು ಅಳೆಯುತ್ತಿದ್ದ ವಿಜ್ಞಾನವು ಗುಣಗಳನ್ನು ಮೊದಲೇ ನಿಯಮಿಸಿ ವಸ್ತುವನ್ನು ರಚಿಸುವ ಹಂತಕ್ಕೆ ಬಂದಿತು. ಈ ಶಾಖೆಯ ಐತಿಹಾಸಿಕ ಮಹತ್ವವಿರುವುದು ಇದರಲ್ಲಿಯೇ.

3. ಜಗತ್ತಿನಲ್ಲಿ ಈ ಶಾಖೆಯ ಬೆಳವಣಿಗೆ

ಇಕ್ಕಟ್ಟಿನಲ್ಲಿ ಸಿಲುಕಿದ ಕಣದ ಗಣಿತವು 1920ರ ದಶಕದ ಕ್ವಾಂಟಂ ಸಿದ್ಧಾಂತದೊಡನೆಯೇ ಹುಟ್ಟಿ, ಬಹುಕಾಲ ಪಠ್ಯಪುಸ್ತಕದ ಅಭ್ಯಾಸದ ಲೆಕ್ಕವಾಗಿಯೇ ಉಳಿದಿತ್ತು. 1957ರ ಸುಮಾರಿಗೆ ಅಮೇರಿಕದ ಜೆ. ಆರ್. ಶ್ರೀಫರ್ ಅವರು ಅರೆವಾಹಕದ ಮೇಲ್ಮೈಯಲ್ಲಿ ಕೂಡಿಕೊಳ್ಳುವ ಎಲೆಕ್ಟ್ರಾನುಗಳ ಚಲನೆ ಒಂದು ದಿಕ್ಕಿನಲ್ಲಿ ಹೀಗೆ ಮಟ್ಟಗಳಾಗಿ ಒಡೆಯಬಹುದೆಂದು ಸೂಚಿಸಿದರು. 1966ರಲ್ಲಿ ಐ.ಬಿ.ಎಂ. ಸಂಸ್ಥೆಯ ಫೌಲರ್, ಫ್ಯಾಂಗ್, ಹೋವರ್ಡ್ ಮತ್ತು ಸ್ಟೈಲ್ಸ್ ಎಂಬ ನಾಲ್ವರು ಸಿಲಿಕಾನಿನ ಮೇಲ್ಮೈಯನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ಅಳತೆ ಮಾಡಿ, ಅಲ್ಲಿಯ ಎಲೆಕ್ಟ್ರಾನುಗಳು ನಿಜವಾಗಿಯೂ ಎರಡೇ ಪರಿಮಾಣಗಳಲ್ಲಿ ವರ್ತಿಸುತ್ತವೆಂದು ತೋರಿಸಿದರು. ಆದರೆ ಸಿಲಿಕಾನ್ ಹಾಗೂ ಅದರ ಆಕ್ಸೈಡುಗಳ ನಡುವಣ ಗಡಿಯು ಪರಮಾಣುಗಳ ಮಟ್ಟದಲ್ಲಿ ಒರಟಾದುದು. ಅಲ್ಲಿ ಎಲೆಕ್ಟ್ರಾನುಗಳು ಎಡವುವುದಕ್ಕೆ ಕಾರಣಗಳು ಅನೇಕ. ಅವುಗಳನ್ನು ಒಂದೊಂದಾಗಿ ಬೇರ್ಪಡಿಸಿ ಎಣಿಸುವುದು ದುಸ್ಸಾಧ್ಯವಾಗಿತ್ತು.

ಈ ತೊಡಕನ್ನು ನಿವಾರಿಸಿದುದು ಸ್ಫಟಿಕಗಳನ್ನು ಬೆಳೆಸುವ ಒಂದು ಹೊಸ ವಿಧಾನ. 1960ರ ದಶಕದ ಕೊನೆಯಲ್ಲಿ ಬೆಲ್ ಪ್ರಯೋಗಶಾಲೆಯ ಜಾನ್ ಆರ್ಥರ್ ಮತ್ತು ಆಲ್ಫ್ರೆಡ್ ಚೋ ಅವರ ಪರಿಶ್ರಮದಿಂದ ಅದು ರೂಪುಗೊಂಡಿತು. ಅತ್ಯುನ್ನತ ನಿರ್ವಾತದೊಳಗೆ ಗ್ಯಾಲಿಯಂ, ಅಲ್ಯೂಮಿನಿಯಂ, ಆರ್ಸೆನಿಕ್ ಧಾತುಗಳ ಆವಿಯ ಧಾರೆಗಳನ್ನು ಕಾದ ಸ್ಫಟಿಕದ ಮೇಲೆ ಬೀಳಿಸಿ, ಸರಾಸರಿ ಸೆಕೆಂಡಿಗೆ ಒಂದು ಪರಮಾಣು ಪದರದಂತೆ ಸ್ಫಟಿಕವನ್ನು ಬೆಳೆಸುವ ಉಪಾಯವಿದು. ಧಾರೆಯ ಬಾಯಿಯನ್ನು ಮುಚ್ಚಿ ತೆರೆಯುವುದರಿಂದಲೇ ಪದರದ ಜಾತಿಯನ್ನು ಬದಲಿಸಬಹುದು. ಗ್ಯಾಲಿಯಂ ಆರ್ಸೆನೈಡಿನಲ್ಲಿಯೂ ಅಲ್ಯೂಮಿನಿಯಂ ಬೆರೆತ ಅದರ ಸಂಯುಕ್ತದಲ್ಲಿಯೂ ಪರಮಾಣುಗಳ ನಡುವಣ ಅಂತರವು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಒಂದರ ಮೇಲೊಂದು ಪದರವು ಬಿರುಕಿಲ್ಲದೆ ಕೂಡಿಕೊಳ್ಳುತ್ತದೆ.

1970ರಲ್ಲಿ ಲಿಯೊ ಎಸಾಕಿ ಮತ್ತು ರಾಫೆಲ್ ತ್ಸು ಅವರು ಇಂಥ ಪದರಗಳನ್ನು ಕ್ರಮಬದ್ಧವಾಗಿ ಪುನರಾವರ್ತಿಸಿ ಕೃತಕ ಸ್ಫಟಿಕವೊಂದನ್ನು ಕಟ್ಟಬಹುದೆಂದು ಪ್ರತಿಪಾದಿಸಿದರು. 1974ರಲ್ಲಿ ಬೆಲ್ ಪ್ರಯೋಗಶಾಲೆಯ ಡಿಂಗಲ್, ವೀಗ್ಮನ್ ಮತ್ತು ಹೆನ್ರಿ ಅವರು ಕ್ವಾಂಟಂ ಬಾವಿಗಳ ಮೂಲಕ ಬೆಳಕನ್ನು ಹಾಯಿಸಿ, ಸಿದ್ಧಾಂತವು ಹೇಳಿದ ಶಕ್ತಿಮಟ್ಟಗಳನ್ನು ಕಣ್ಣಾರೆ ಕಾಣುವಂತೆ ಮಾಡಿದರು. ಪಠ್ಯಪುಸ್ತಕದ ಲೆಕ್ಕವು ಈ ರೀತಿ ವಸ್ತುರೂಪವನ್ನು ತಾಳಿತು.

1978ರಲ್ಲಿ ಡಿಂಗಲ್, ಷ್ಟೋರ್ಮರ್, ಗೊಸಾರ್ಡ್ ಮತ್ತು ವೀಗ್ಮನ್ ಅವರು ಕೈಗೊಂಡ ಕ್ರಮವು ಇನ್ನೂ ಮಹತ್ತ್ವದ್ದು. ಅರೆವಾಹಕದಲ್ಲಿ ಎಲೆಕ್ಟ್ರಾನುಗಳನ್ನು ಒದಗಿಸಲು ಅದಕ್ಕೆ ಅನ್ಯ ಧಾತುವಿನ ಪರಮಾಣುಗಳನ್ನು ಬೆರೆಸಬೇಕು. ಎಲೆಕ್ಟ್ರಾನನ್ನು ಕೊಟ್ಟ ಆ ಪರಮಾಣುವೇ ಬಳಿಕ ಧನ ವಿದ್ಯುತ್ತನ್ನು ಹೊತ್ತು, ದಾರಿಯಲ್ಲಿ ಸಾಗುವ ಎಲೆಕ್ಟ್ರಾನುಗಳಿಗೆ ತಡೆಯಾಗಿ ನಿಲ್ಲುತ್ತದೆ. ಬೆಲ್ ಪ್ರಯೋಗಶಾಲೆಯವರು ಬೆರಕೆಯ ಪರಮಾಣುಗಳನ್ನು ಇಕ್ಕೆಲದ ಗೋಡೆಗಳಲ್ಲಿ ಮಾತ್ರ ಇಟ್ಟು, ಎಲೆಕ್ಟ್ರಾನುಗಳು ಅಲ್ಲಿಂದ ಶುದ್ಧವಾದ ಮಧ್ಯಪದರಕ್ಕೆ ಇಳಿದುಬರುವಂತೆ ಮಾಡಿದರು. ನಮ್ಮ ಭಾಗದವರಿಗೆ ಇದನ್ನು ಒಂದು ಪರಿಚಿತ ಉದಾಹರಣೆಯಿಂದ ತಿಳಿಸಬಹುದು. ಹುಬ್ಬಳ್ಳಿಯ ಅಂಚಿನಲ್ಲಿರುವ ಗಬ್ಬೂರಿನಿಂದ ಧಾರವಾಡದಾಚೆಯ ನರೇಂದ್ರದವರೆಗೆ ಹೆದ್ದಾರಿಯ ಬೈಪಾಸ್ ರಸ್ತೆಯುಂಟು. (ಶಾಸನಗಳಿಗೆ ಹೆಸರಾದ ರಾಯಚೂರು ಜಿಲ್ಲೆಯ ಗಬ್ಬೂರು ಬೇರೆ, ಈ ಗಬ್ಬೂರ ಬೇರೆ.) ದೂರದ ಊರುಗಳಿಗೆ ಹೋಗುವ ಲಾರಿಗಳು ಗಬ್ಬೂರಿನಲ್ಲಿಯೇ ಬೇರೆಯಾಗಿ, ಅವಳಿ ನಗರದ ಪೇಟೆಗಳ ಸಂದಣಿಯನ್ನು ಮುಟ್ಟದೆ ಸಾಗುತ್ತವೆ. ಸರಕು ಪೇಟೆಯದಾದರೂ ಹಾದಿ ಪೇಟೆಯದಲ್ಲ. ಅದೇ ರೀತಿ ಎಲೆಕ್ಟ್ರಾನುಗಳು ಬೆರಕೆಯ ಪರಮಾಣುಗಳಿಂದ ಬಂದವಾದರೂ ಅವುಗಳ ಸಂದಣಿಯಲ್ಲಿ ಸಾಗಬೇಕಾಗಿಲ್ಲ. ಶೀತದಲ್ಲಿ ಇಂಥ ಪದರಗಳ ಎಲೆಕ್ಟ್ರಾನುಗಳ ಚಲನಶೀಲತೆಯು ಹಿಂದಿನ ಯಾವ ಅರೆವಾಹಕದಲ್ಲಿಯೂ ಕಾಣದ ಮಟ್ಟಕ್ಕೆ ಏರಿತು. ಮುಂದಿನ ದಶಕಗಳಲ್ಲಿ ಅದರ ಅಳತೆಯ ಅಂಕಿಯು, ರೂಢಿಯ ಮಾನದಲ್ಲಿ, ಒಂದು ಕೋಟಿಯನ್ನು ಮೀರಿತು.

ಇದರಿಂದ ಉಂಟಾದ ಪರಿಣಾಮಗಳನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. 1980ರಲ್ಲಿ ಜಪಾನಿನ ಫುಜಿತ್ಸು ಸಂಸ್ಥೆಯ ತಕಾಶಿ ಮಿಮುರಾ ಮತ್ತು ಸಹೋದ್ಯೋಗಿಗಳು ಈ ತತ್ತ್ವದ ಮೇಲೆ ಅತಿವೇಗದ ಟ್ರಾನ್ಸಿಸ್ಟರನ್ನು ನಿರ್ಮಿಸಿದರು. ಉಪಗ್ರಹಗಳ ಕ್ಷೀಣವಾದ ಸಂಕೇತಗಳನ್ನು ಹಿಡಿಯುವ ಉಪಕರಣಗಳಲ್ಲಿ ಅದು ಬಳಕೆಗೆ ಬಂದಿತು. ಅದೇ 1980ರ ಫೆಬ್ರುವರಿಯಲ್ಲಿ ಜರ್ಮನಿಯ ಕ್ಲೌಸ್ ಫಾನ್ ಕ್ಲಿಟ್ಜಿಂಗ್ ಅವರು ಫ್ರಾನ್ಸಿನ ಗ್ರೆನೋಬಲ್ಲಿನಲ್ಲಿ ಸಿಲಿಕಾನಿನ ದ್ವಿಪರಿಮಾಣ ಎಲೆಕ್ಟ್ರಾನುಗಳನ್ನು ಪರೀಕ್ಷಿಸುತ್ತಿದ್ದಾಗ, ಹಾಲ್ ರೋಧವು 25812.807 ಓಮ್ ಎಂಬ ಸಂಖ್ಯೆಯನ್ನು ಪೂರ್ಣಾಂಕಗಳಿಂದ ಭಾಗಿಸಿದಷ್ಟೇ ಬರುತ್ತದೆಂದು ಕಂಡುಕೊಂಡರು. ಈ ಸಂಖ್ಯೆಯು ವಸ್ತುವಿನ ಆಕಾರವನ್ನಾಗಲಿ ಕಲ್ಮಷವನ್ನಾಗಲಿ ಅವಲಂಬಿಸದೆ, ಪ್ಲಾಂಕ್ ಸ್ಥಿರಾಂಕ ಹಾಗೂ ಎಲೆಕ್ಟ್ರಾನಿನ ವಿದ್ಯುದಂಶಗಳಿಂದ ಮಾತ್ರ ನಿರ್ಣಯವಾಗುತ್ತದೆ. ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. 1982ರಲ್ಲಿ ತ್ಸುಯಿ, ಷ್ಟೋರ್ಮರ್ ಮತ್ತು ಗೊಸಾರ್ಡ್ ಅವರು ಗ್ಯಾಲಿಯಂ ಆರ್ಸೆನೈಡಿನ ಪದರಗಳಲ್ಲಿ ಭಿನ್ನಾಂಕಗಳ ಹಾಲ್ ಪರಿಣಾಮವನ್ನು ಕಂಡರು; ಅದರ ಶೋಧನೆಗೂ ಲಾಫ್ಲಿನ್ ಅವರ ವಿವರಣೆಗೂ 1998ರಲ್ಲಿ ಅದೇ ಮನ್ನಣೆ ದೊರೆಯಿತು. 2019ರ ಮೇ 20ರಂದು ಜಾರಿಗೆ ಬಂದ ಅಂತಾರಾಷ್ಟ್ರೀಯ ಮಾನಪದ್ಧತಿಯ ಪರಿಷ್ಕರಣದಲ್ಲಿ ಪ್ಲಾಂಕ್ ಸ್ಥಿರಾಂಕವೂ ಎಲೆಕ್ಟ್ರಾನಿನ ವಿದ್ಯುದಂಶವೂ ಸ್ಥಿರಗೊಂಡು, ರೋಧದ ಅಳತೆಯು ದ್ವಿಪರಿಮಾಣದ ಎಲೆಕ್ಟ್ರಾನುಗಳನ್ನೇ ಆಧಾರವಾಗಿ ಉಳ್ಳದ್ದಾಯಿತು.

4. ಧಾರವಾಡದ ಹಿನ್ನೆಲೆ

ಈಗ ನಮ್ಮ ನಾಡಿಗೆ ಬರೋಣ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ವಿದ್ಯಾರ್ಥಿಗಳು ಉನ್ನತ ಶಿಕ್ಷಣಕ್ಕಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು 1950ರಲ್ಲಿ ಧಾರವಾಡಕ್ಕೆ ಬಂದು, ಮುಂದೆ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ನೆಲೆಗೊಂಡಿತು. 1954ರಿಂದ 1967ರ ವರೆಗೆ ಕುಲಪತಿಗಳಾಗಿದ್ದ ಡಾ. ಡಿ. ಸಿ. ಪಾವಟೆಯವರು ಸ್ವತಃ ಗಣಿತಜ್ಞರು. ಅವರ ಕಾಲದಲ್ಲಿ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳು ಬಲಗೊಂಡವು. ಭೌತವಿಜ್ಞಾನದಲ್ಲಿ ಪ್ರೊ. ಎನ್. ಆರ್. ತಾವಡೆಯವರು 1950ರ ದಶಕದ ಕೊನೆಯಲ್ಲಿ ಅಣುಗಳ ರೋಹಿತಗಳ ಅಧ್ಯಯನವನ್ನು ಇಲ್ಲಿ ನಡೆಸುತ್ತಿದ್ದರು.

ಈ ರೋಹಿತಶಾಸ್ತ್ರದ ಪರಂಪರೆಯನ್ನು ಇಲ್ಲಿ ನೆನೆಯಲು ಕಾರಣವುಂಟು. ರೋಹಿತದ ಗೆರೆಗಳ ತೀವ್ರತೆಯನ್ನು ವಿವರಿಸಲು ಕ್ವಾಂಟಂ ಸಿದ್ಧಾಂತದಿಂದ ದೀರ್ಘವಾದ ಸಂಖ್ಯಾತ್ಮಕ ಗಣನೆಗಳನ್ನು ಮಾಡಬೇಕಾಗುತ್ತದೆ. ತಾವಡೆ ಮತ್ತು ಅವರ ಸಹೋದ್ಯೋಗಿಗಳ ಅಂದಿನ ಪ್ರಬಂಧಗಳಲ್ಲಿ ಇಂಥ ಗಣನೆಗಳೇ ಮುಖ್ಯವಾಗಿವೆ. ಬೆಲೆಬಾಳುವ ಉಪಕರಣಗಳಿಗಿಂತ ತಾಳ್ಮೆಯ ಲೆಕ್ಕವನ್ನು ಹೆಚ್ಚಾಗಿ ಬೇಡುವ ಸಂಶೋಧನೆಯ ಮಾದರಿಯೊಂದು ಹೀಗೆ ಧಾರವಾಡಕ್ಕೆ ಅರೆವಾಹಕಗಳ ಯುಗಕ್ಕಿಂತ ಮೊದಲೇ ಪರಿಚಿತವಾಗಿತ್ತು.

5. ಧಾರವಾಡದ ಸಂಶೋಧನೆ

1980ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಪ್ರೊ. ಬಿ. ಜಿ. ಮೂಲಿಮನಿ ಮತ್ತು ಪ್ರೊ. ಎಸ್. ಎಸ್. ಕುಬಕಡ್ಡಿಯವರು ಕ್ವಾಂಟಂ ಬಾವಿಗಳಲ್ಲಿಯೂ, ಇನ್ನೊಂದು ದಿಕ್ಕಿನಲ್ಲಿಯೂ ಎಲೆಕ್ಟ್ರಾನನ್ನು ಕಟ್ಟಿಹಾಕಿದ 'ಕ್ವಾಂಟಂ ತಂತಿ'ಗಳಲ್ಲಿಯೂ ಎಲೆಕ್ಟ್ರಾನುಗಳ ಸಂಚಾರವನ್ನು ಸೈದ್ಧಾಂತಿಕವಾಗಿ ಪರಿಶೀಲಿಸತೊಡಗಿದರು. 1985ರಲ್ಲಿ ಅವರು ಕ್ವಾಂಟಂ ತಂತಿಗಳಲ್ಲಿ ಸ್ವತಂತ್ರ ಎಲೆಕ್ಟ್ರಾನುಗಳು ಬೆಳಕನ್ನು ಹೀರುವ ಬಗೆಯನ್ನು ಕುರಿತು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಕ್ವಾಂಟಂ ಬಾವಿಯ ಶಕ್ತಿಮಟ್ಟಗಳು ಪ್ರಯೋಗದಲ್ಲಿ ಮೊದಲು ಕಂಡುಬಂದು ಆಗ ಹನ್ನೊಂದು ವರ್ಷಗಳು ಮಾತ್ರ ಸಂದಿದ್ದವು.

ಇವರ ಕಾರ್ಯದಲ್ಲಿ ವಿಶೇಷವಾಗಿ ಉಲ್ಲೇಖಾರ್ಹವಾದುದು ಉಷ್ಣವಿದ್ಯುತ್ತಿಗೆ ಸಂಬಂಧಿಸಿದ ಸಮಸ್ಯೆ. ವಾಹಕದ ಒಂದು ತುದಿಯನ್ನು ಬಿಸಿಮಾಡಿ ಇನ್ನೊಂದನ್ನು ತಣ್ಣಗಿರಿಸಿದರೆ ಎರಡರ ನಡುವೆ ವಿದ್ಯುದ್ಬಲವು ತೋರುವುದೆಂಬುದು 1821ರ ಸೀಬೆಕ್ ಅವರ ಶೋಧನೆಯ ಕಾಲದಿಂದ ತಿಳಿದ ಮಾತು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಎಲೆಕ್ಟ್ರಾನುಗಳು ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ತಾವಾಗಿಯೇ ಹರಡುತ್ತವೆ. ಎರಡನೆಯದಾಗಿ, ಸ್ಫಟಿಕದ ಕಂಪನಗಳು, ಅಂದರೆ ಫೋನಾನುಗಳು, ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುವಾಗ ಎಲೆಕ್ಟ್ರಾನುಗಳನ್ನೂ ತಮ್ಮೊಡನೆ ಎಳೆದೊಯ್ಯುತ್ತವೆ. ಹೊಳೆಯ ನೀರು ಕಸಕಡ್ಡಿಯನ್ನು ಸೆಳೆದೊಯ್ಯುವಂತಿರುವ ಈ ಎರಡನೆಯ ಕ್ರಿಯೆಗೆ 'ಫೋನಾನ್ ಸೆಳೆತ' ಎನ್ನಬಹುದು. ರಷ್ಯದ ಗುರೆವಿಚ್ ಅವರು 1945ರಲ್ಲಿಯೇ ಇದನ್ನು ಊಹಿಸಿದ್ದರು. 1953-54ರ ಸುಮಾರಿಗೆ ಜರ್ಮೇನಿಯಂ ಸ್ಫಟಿಕಗಳಲ್ಲಿ ಅದು ಪ್ರಯೋಗದಿಂದ ಸಿದ್ಧವಾಯಿತು.

1980ರ ದಶಕದ ಮಧ್ಯದಲ್ಲಿ ದ್ವಿಪರಿಮಾಣದ ಎಲೆಕ್ಟ್ರಾನುಗಳ ಉಷ್ಣವಿದ್ಯುತ್ತನ್ನು ಕೆಲವೇ ಕೆಲ್ವಿನ್‌ಗಳ ಶೀತದಲ್ಲಿ ಅಳೆದಾಗ, ಎಲೆಕ್ಟ್ರಾನುಗಳ ಸಹಜ ಹರಡುವಿಕೆಯಿಂದ ಬರಬೇಕಾದುದಕ್ಕಿಂತ ಬಹಳ ಹೆಚ್ಚಿನ ಬೆಲೆಗಳು ಬಂದವು. 1987ರಲ್ಲಿ ಇಂಗ್ಲಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಪಾಲ್ ಬುಚರ್ ಅವರು ಕ್ಯಾಂಟ್ರೆಲ್ ಅವರೊಡಗೂಡಿ ಇದಕ್ಕೆ ಫೋನಾನ್ ಸೆಳೆತದ ಸಿದ್ಧಾಂತವನ್ನು ಪ್ರಕಟಿಸಿದರು. ಎಲೆಕ್ಟ್ರಾನುಗಳು ಹತ್ತು ನ್ಯಾನೊಮೀಟರಿನ ಪದರದಲ್ಲಿ ಎರಡೇ ಪರಿಮಾಣಗಳಲ್ಲಿ ಇದ್ದರೂ, ಅವುಗಳನ್ನು ತಳ್ಳುವ ಫೋನಾನುಗಳು ಇಡೀ ಸ್ಫಟಿಕವನ್ನು ಮೂರು ಪರಿಮಾಣಗಳಲ್ಲಿ ವ್ಯಾಪಿಸಿರುತ್ತವೆ. ಅತಿ ಶೀತದಲ್ಲಿ ಫೋನಾನು ಸ್ಫಟಿಕದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಮಿಲಿಮೀಟರುಗಳಷ್ಟು ದೂರ, ತಡೆಯಿಲ್ಲದೆ ಸಾಗಬಲ್ಲುದು. ಹೀಗೆ ಕಣ್ಣಿಗೆ ಕಾಣುವ ಸ್ಫಟಿಕದ ಗಾತ್ರವು ಕಣ್ಣಿಗೆ ಕಾಣದ ಪದರದ ವಿದ್ಯುತ್ತನ್ನು ನಿಯಂತ್ರಿಸುತ್ತದೆ.

1989ರಲ್ಲಿ ಕುಬಕಡ್ಡಿ, ಬುಚರ್ ಮತ್ತು ಮೂಲಿಮನಿ ಎಂಬ ಮೂವರ ಹೆಸರಿನಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿರುವ ದ್ವಿಪರಿಮಾಣದ ಎಲೆಕ್ಟ್ರಾನುಗಳ ಫೋನಾನ್ ಸೆಳೆತವನ್ನು ಕುರಿತ ಪ್ರಬಂಧವು ಅಮೇರಿಕದ 'ಫಿಜಿಕಲ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಂತಕ್ಷೇತ್ರವು ಎಲೆಕ್ಟ್ರಾನುಗಳ ಉಳಿದ ಎರಡು ದಿಕ್ಕುಗಳ ಚಲನೆಯನ್ನೂ ಸುತ್ತುಗಳಲ್ಲಿ ಬಿಗಿದು ಮಟ್ಟಗಳಾಗಿ ಒಡೆಯುವುದರಿಂದ, ಈ ಸ್ಥಿತಿಯ ಗಣನೆಯು ಮೊದಲಿನದಕ್ಕಿಂತ ತೊಡಕಿನದು. ಅದೇ ವರ್ಷ ಕುಬಕಡ್ಡಿ ಮತ್ತು ಬುಚರ್ ಅವರು ಏಕಪರಿಮಾಣದ ಎಲೆಕ್ಟ್ರಾನುಗಳಿಗೂ ಈ ಸಿದ್ಧಾಂತವನ್ನು ವಿಸ್ತರಿಸಿದರು. ಈ ಬಗೆಯ ಅಧ್ಯಯನವು ಧಾರವಾಡದಲ್ಲಿ ಒಬ್ಬಿಬ್ಬರಲ್ಲಿಯೇ ನಿಲ್ಲದೆ, ಪ್ರೊ. ಎನ್. ಎಸ್. ಸಂಕೇಶ್ವರ ಮೊದಲಾದವರ ಕಾರ್ಯದಿಂದಲೂ ಮುಂದುವರಿಯಿತು. ಪ್ರೊ. ಮೂಲಿಮನಿಯವರು ಮುಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಗಳಾದರು.

2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅವರು ಗ್ರಾಫೈಟಿನಿಂದ ಒಂದೇ ಪರಮಾಣುವಿನಷ್ಟು ದಪ್ಪದ ಗ್ರಾಫೀನ್ ಹಾಳೆಯನ್ನು ಬೇರ್ಪಡಿಸಿದಾಗ ದ್ವಿಪರಿಮಾಣದ ಎಲೆಕ್ಟ್ರಾನುಗಳ ಕಥೆಯು ಹೊಸ ತಿರುವನ್ನು ಪಡೆಯಿತು. ಧಾರವಾಡದ ಪರಂಪರೆಯು ಅದನ್ನು ಕೂಡಲೇ ಗ್ರಹಿಸಿತು. 2009ರಲ್ಲಿ ಕುಬಕಡ್ಡಿಯವರು ಗ್ರಾಫೀನಿನ ಬಿಸಿ ಎಲೆಕ್ಟ್ರಾನುಗಳು ಅತಿ ಶೀತದಲ್ಲಿ ಫೋನಾನುಗಳಿಗೆ ಶಕ್ತಿಯನ್ನು ಬಿಟ್ಟುಕೊಡುವ ದರವು ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು ಗಣಿಸಿ ತೋರಿಸಿದರು. ತರುವಾಯದ ವರ್ಷಗಳಲ್ಲಿ ಅವರ ಪ್ರಬಂಧಗಳು ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ವಿಳಾಸದಿಂದ ಹೊರಟಿರುವುದು ಕಂಡುಬರುತ್ತದೆ. 1947ರಲ್ಲಿ ಆರಂಭವಾದ ಬಿ. ವಿ. ಭೂಮರಡ್ಡಿ ತಾಂತ್ರಿಕ ಮಹಾವಿದ್ಯಾಲಯವೇ ಈ ವಿಶ್ವವಿದ್ಯಾಲಯದ ಮೂಲ. ಹೀಗೆ ಧಾರವಾಡದಲ್ಲಿ ಮೊದಲಾದ ಕಾರ್ಯವು ಹುಬ್ಬಳ್ಳಿಗೂ ಹಬ್ಬಿತು.

6. ಯಂತ್ರವಿಲ್ಲದ ಊರಿನಲ್ಲಿ ಇದು ಹೇಗೆ ಸಾಧ್ಯವಾಯಿತು?

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರಬೇಕು. ವಿದ್ವಾಂಸರ ಪ್ರತಿಭೆ ಮತ್ತು ಪರಿಶ್ರಮಗಳನ್ನು ಮೊದಲ ಕಾರಣವಾಗಿ ಹೇಳುವುದು ನ್ಯಾಯವೇ. ಆದರೆ ಪ್ರತಿಭೆಯು ಎಲ್ಲ ಕಾಲಕ್ಕೂ ಎಲ್ಲ ಊರುಗಳಲ್ಲಿಯೂ ಇರುವುದರಿಂದ, ಒಂದು ಕಾಲದಲ್ಲಿ ಒಂದು ವಿಷಯದಲ್ಲಿ ಮಾತ್ರ ಅದು ಫಲಿಸಿದುದೇಕೆಂಬುದನ್ನು ಇತಿಹಾಸಕಾರನು ವಿಚಾರಿಸಬೇಕಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಕಾರಣವು ಸ್ಫಟಿಕದ ಶುದ್ಧತೆಯಲ್ಲಿಯೇ ಅಡಗಿದೆ. ಕಲ್ಮಷದಿಂದ ಕೂಡಿದ ವಸ್ತುವಿನಲ್ಲಿ ಎಲೆಕ್ಟ್ರಾನುಗಳ ವರ್ತನೆಯು ಆ ವಸ್ತುವನ್ನು ಬೆಳೆಸಿದವನಿಗೆ ಮಾತ್ರ ಗೊತ್ತಿರುವ ನೂರು ಸಂಗತಿಗಳನ್ನು ಅವಲಂಬಿಸುತ್ತದೆ. ದೂರದಲ್ಲಿ ಕುಳಿತವನು ಅದನ್ನು ಲೆಕ್ಕ ಹಾಕಿದರೂ ಆ ಲೆಕ್ಕವನ್ನು ಅಳತೆಯೊಡನೆ ಹೋಲಿಸಲು ಬಾರದು. ಆದರೆ ಬೇರೆ ಪದರದಲ್ಲಿ ಬೆರಕೆಯನ್ನಿಟ್ಟ ಕ್ವಾಂಟಂ ಬಾವಿಯನ್ನು ಕೆಲವೇ ಸಂಖ್ಯೆಗಳಿಂದ ಸಾಕಷ್ಟು ವರ್ಣಿಸಬಹುದು: ಪದರದ ದಪ್ಪ, ಎಲೆಕ್ಟ್ರಾನುಗಳ ಸಾಂದ್ರತೆ, ಚಲನಶೀಲತೆ, ಸ್ಫಟಿಕದ ಗಾತ್ರ, ಉಷ್ಣತೆ. ಈ ಸಂಖ್ಯೆಗಳು ಮುದ್ರಿತವಾದ ಪ್ರಬಂಧದಲ್ಲಿ ದೊರೆಯುತ್ತವೆ. ಪತ್ರಿಕೆಯು ಗ್ರಂಥಾಲಯಕ್ಕೆ ಬಂದರೆ ಆಯಿತು. ಬೆಲ್ ಪ್ರಯೋಗಶಾಲೆಯ ಕೋಟಿಗಟ್ಟಲೆ ವೆಚ್ಚದ ಸ್ಫಟಿಕವು ಧಾರವಾಡದ ಮೇಜಿನ ಮೇಲೆ ಐದಾರು ಅಂಕಿಗಳಾಗಿ ಬಂದು ಕುಳಿತುಕೊಳ್ಳುತ್ತಿತ್ತು. ಅಲ್ಲಿ ಮಾಡಿದ ಗಣನೆಯನ್ನು ಜಗತ್ತಿನ ಯಾವ ಪ್ರಯೋಗಶಾಲೆಯವರಾದರೂ ಪರೀಕ್ಷಿಸಬಹುದಾಗಿತ್ತು.

ಫೋನಾನ್ ಸೆಳೆತದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಅತಿ ಶೀತದಲ್ಲಿ ವಿದ್ಯುತ್ ರೋಧವನ್ನು ಅಳೆದರೆ ಉಳಿದ ಕಲ್ಮಷಗಳ ಪ್ರಭಾವವೇ ಕಾಣುತ್ತದೆ, ಫೋನಾನುಗಳು ಮರೆಯಾಗುತ್ತವೆ. ಉಷ್ಣವಿದ್ಯುತ್ತಿನಲ್ಲಾದರೋ ಫೋನಾನುಗಳ ಪಾತ್ರವೇ ಮುಂದೆ ಬಂದು, ಕಲ್ಮಷಗಳ ವಿವರವು ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ಆದುದರಿಂದ ಎಲೆಕ್ಟ್ರಾನು ಮತ್ತು ಫೋನಾನುಗಳ ಪರಸ್ಪರ ಕ್ರಿಯೆಯನ್ನು ತಿಳಿಯಲು ಇದು ಪ್ರಶಸ್ತವಾದ ದ್ವಾರ. ಸ್ಫಟಿಕವನ್ನು ಕೈಯಲ್ಲಿ ಹಿಡಿಯದ ವಿದ್ವಾಂಸರು ಇಂಥ ದ್ವಾರವನ್ನು ಆರಿಸಿಕೊಂಡುದರಲ್ಲಿ ಔಚಿತ್ಯವಿದೆ.

ಇದೇ ತರಹದ ನಿದರ್ಶನವು ಈ ಶಾಖೆಯ ಇನ್ನೊಂದು ಪ್ರಕರಣದಲ್ಲಿಯೂ ದೊರೆಯುತ್ತದೆ. 1979ರಲ್ಲಿ ಅಬ್ರಾಹಮ್ಸ್, ಆಂಡರ್ಸನ್, ಲಿಚಿಯಾರ್ಡೆಲೊ ಮತ್ತು ರಾಮಕೃಷ್ಣನ್ ಎಂಬ ನಾಲ್ವರು, ಅವ್ಯವಸ್ಥಿತವಾದ ದ್ವಿಪರಿಮಾಣದ ವಸ್ತುವಿನಲ್ಲಿ ಪರಸ್ಪರ ಕ್ರಿಯೆಯಿಲ್ಲದ ಎಲೆಕ್ಟ್ರಾನುಗಳು ಎಷ್ಟೇ ಅಲ್ಪವಾದ ಅವ್ಯವಸ್ಥೆಯಿಂದಲೂ ಕಡೆಗೆ ಬಂಧಿತವಾಗುವುವೆಂದು ಪ್ರತಿಪಾದಿಸಿದರು. ಇವರಲ್ಲಿ ಟಿ. ವಿ. ರಾಮಕೃಷ್ಣನ್ ಅವರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಇದೂ ಶುದ್ಧವಾದ ಸೈದ್ಧಾಂತಿಕ ಕಾರ್ಯವೇ.

ಆದರೆ ಇಷ್ಟರಿಂದಲೇ ಸಂತೋಷಪಟ್ಟು ಮಿತಿಯನ್ನು ಮರೆಯಲಾಗದು. ಸೈದ್ಧಾಂತಿಕನು ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಬಹುಮಟ್ಟಿಗೆ ಸ್ಫಟಿಕವನ್ನು ಬೆಳೆಸುವವನೇ ನಿಶ್ಚಯಿಸುತ್ತಾನೆ. ಮೊದಲ ಅಳತೆಯ ಅಚ್ಚರಿಯು ಪ್ರಯೋಗಶಾಲೆಯವನ ಪಾಲಿಗೆ ಬರುತ್ತದೆ. ಫಾನ್ ಕ್ಲಿಟ್ಜಿಂಗ್ ಅವರ ಶೋಧನೆಯಲ್ಲಿ ಹಾಲ್ ರೋಧದ ಅಷ್ಟೊಂದು ನಿಖರತೆಯನ್ನು ಯಾವ ಸಿದ್ಧಾಂತವೂ ಮುಂದಾಗಿ ಹೇಳಿರಲಿಲ್ಲ. ಅದು ಉಪಕರಣದ ಮುಂದೆ ಕುಳಿತವನಿಗೆ ದೊರೆತುದು. ಧಾರವಾಡದ ಕಾರ್ಯವು ಉತ್ತಮ ವಿವರಣೆಯ ಕಾರ್ಯ. ಹೊಸ ವಿದ್ಯಮಾನವನ್ನು ಕಣ್ಣಾರೆ ಕಾಣುವ ಅವಕಾಶವು ಅದಕ್ಕೆ ಇರಲಿಲ್ಲ. ಇದನ್ನು ಹೇಳುವುದರಿಂದ ಅದರ ಗೌರವಕ್ಕೆ ಕುಂದಿಲ್ಲ. ಹೇಳದಿದ್ದರೆ ನಮ್ಮ ಇತಿಹಾಸವು ಪ್ರಶಸ್ತಿಯಾಗುತ್ತದೆಯೇ ಹೊರತು ವಿಮರ್ಶೆಯಾಗುವುದಿಲ್ಲ.

7. ಆಕರಗಳ ಸಮಸ್ಯೆ

ಈ ಬಗೆಯ ಇತಿಹಾಸವನ್ನು ಬರೆಯಲು ಆಕರಗಳೆಲ್ಲಿ? ಮುಖ್ಯವಾದವು ಮುದ್ರಿತ ಪ್ರಬಂಧಗಳೇ. ಶಾಸನವನ್ನು ಓದಿ ಬಲ್ಲವರಿಗೆ ಇವುಗಳನ್ನು ಓದುವ ಕ್ರಮವು ಅಪರಿಚಿತವಲ್ಲ. ಶಾಸನದಲ್ಲಿ ಶಕವರ್ಷವು ಇರುವಂತೆ ಪ್ರಬಂಧದಲ್ಲಿ ಅದು ಪತ್ರಿಕೆಗೆ ತಲುಪಿದ ದಿನಾಂಕವಿರುತ್ತದೆ. ಸ್ಥಳನಾಮದಂತೆ ಲೇಖಕರ ವಿಳಾಸವಿರುತ್ತದೆ. ದಾನಿಗಳ ಹೆಸರಿನಂತೆ ಧನಸಹಾಯ ಮಾಡಿದವರ ಉಲ್ಲೇಖವೂ, ಬರೆದವನ ಹಾಗೂ ಕೊರೆದವನ ಹೆಸರಿನಂತೆ ಲೆಕ್ಕದಲ್ಲಿ ನೆರವಾದವರ ಸ್ಮರಣೆಯೂ ಇರುತ್ತವೆ. ಒಂದೇ ಲೇಖಕನ ವಿಳಾಸವು ವರ್ಷದಿಂದ ವರ್ಷಕ್ಕೆ ಬದಲಾಗುವುದನ್ನು ಗುರುತಿಸಿದರೆ ವಿದ್ಯೆಯ ಸಂಚಾರದ ನಕ್ಷೆಯೇ ದೊರೆಯುತ್ತದೆ. ಮೇಲೆ ಹೇಳಿದ ಧಾರವಾಡ, ವಾರ್ವಿಕ್, ಹುಬ್ಬಳ್ಳಿಗಳ ಸಂಬಂಧವು ಇಂಥ ಓದಿನಿಂದಲೇ ತಿಳಿದುಬರುವಂಥದು.

ಆದರೆ ಒಂದು ವ್ಯತ್ಯಾಸವುಂಟು. ಬೈಪಾಸ್ ರಸ್ತೆಯ ಇನ್ನೊಂದು ತುದಿಯ ನರೇಂದ್ರದಲ್ಲಿ ಗೋವೆಯ ಕದಂಬರ ಕಾಲದ ಶಾಸನಗಳು ಕಲ್ಲಿನ ಮೇಲಿದ್ದುದರಿಂದ ಎಂಟು ಶತಮಾನಗಳನ್ನು ದಾಟಿ ನಮ್ಮ ಕಾಲಕ್ಕೆ ಬಂದವು. ಗಣಿತದ ಕರಡುಗಳು, ವಿದೇಶದ ವಿದ್ವಾಂಸರೊಡನೆ ನಡೆದ ಪತ್ರವ್ಯವಹಾರ, ಗಣಕಯಂತ್ರದಿಂದ ಹೊರಟ ಅಂಕಿಗಳ ಉದ್ದ ಹಾಳೆಗಳು, ಪರಿಶೀಲಕರ ಆಕ್ಷೇಪಗಳು ಮತ್ತು ಅವುಗಳಿಗೆ ಬರೆದ ಉತ್ತರಗಳು ಕಾಗದದ ಮೇಲಿವೆ. ಪ್ರಾಧ್ಯಾಪಕರು ನಿವೃತ್ತರಾದಾಗ, ಕೋಣೆಯು ಬೇರೊಬ್ಬರಿಗೆ ಹೋದಾಗ, ಇವು ರದ್ದಿಯ ಅಂಗಡಿಯ ಪಾಲಾಗುವುದು ಎಲ್ಲೆಡೆಯೂ ನಡೆಯುವ ಸಂಗತಿ. ಪಿಎಚ್.ಡಿ. ಮಹಾಪ್ರಬಂಧಗಳು 'ಶೋಧಗಂಗಾ' ಭಾಂಡಾರದ ಮೂಲಕ ಉಳಿಯುವ ವ್ಯವಸ್ಥೆಯಾಗಿರುವುದು ಸಮಾಧಾನದ ಮಾತು. ಆದರೆ ಮಹಾಪ್ರಬಂಧವು ಮುಗಿದ ಕಟ್ಟಡ. ಅದನ್ನು ಕಟ್ಟಿದ ಬಗೆಯನ್ನು ಹೇಳುವ ಕಾಗದಗಳಿಗೆ ಅಲ್ಲಿ ಸ್ಥಾನವಿಲ್ಲ. ಯಾವ ದಾರಿಗಳನ್ನು ಹಿಡಿದು ಬಿಟ್ಟರು, ಯಾವ ಪ್ರಶ್ನೆಯು ಯಾರ ಪತ್ರದಿಂದ ಹುಟ್ಟಿತು, ವಿದೇಶದ ಪತ್ರಿಕೆಯು ಗ್ರಂಥಾಲಯಕ್ಕೆ ಎಷ್ಟು ತಿಂಗಳು ತಡವಾಗಿ ಬರುತ್ತಿತ್ತು ಎಂಬಿವುಗಳನ್ನು ತಿಳಿಯದೆ ಪ್ರಾಂತೀಯ ವಿಶ್ವವಿದ್ಯಾಲಯದ ವಿಜ್ಞಾನವನ್ನು ಪೂರ್ಣವಾಗಿ ಅರಿತಂತಾಗದು.

ಭಾಷೆಯ ಪ್ರಶ್ನೆಯೂ ಇಲ್ಲಿ ಸೇರಿಕೊಂಡಿದೆ. ಈ ಸಂಶೋಧನೆಯೆಲ್ಲ ಇಂಗ್ಲಿಷಿನಲ್ಲಿಯೇ ಪ್ರಕಟವಾಗಿದೆ. ಅದು ಸಹಜವೂ ಹೌದು. ಆದರೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರ ಸುಮಾರಿಗೆ ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆಯನ್ನು ನಡೆಸಿದಾಗ, ತಮ್ಮ ಕಾಲದ ಶಾಸ್ತ್ರವನ್ನು ಕನ್ನಡಿಗರಿಗೆ ಅವರ ನುಡಿಯಲ್ಲಿಯೇ ಮುಟ್ಟಿಸಬಹುದೆಂಬ ನಂಬಿಕೆ ಅವರಿಗಿತ್ತು. ಧಾರವಾಡದಲ್ಲಿ ನಡೆದ ಕಾರ್ಯವನ್ನು ಧಾರವಾಡದ ವಿದ್ಯಾರ್ಥಿಯು ಕನ್ನಡದಲ್ಲಿ ಓದಲಾರನೆಂದರೆ, ಆ ನಂಬಿಕೆಯ ಮುಂದಣ ಹೆಜ್ಜೆಯನ್ನು ಇಡುವ ಹೊಣೆ ನಮ್ಮ ಮೇಲಿದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ದ್ವಿಪರಿಮಾಣದ ಎಲೆಕ್ಟ್ರಾನುಗಳ ಶಾಸ್ತ್ರವು ಯಂತ್ರಸಂಪನ್ನ ಪ್ರಯೋಗಶಾಲೆಗಳಲ್ಲಿ ಹುಟ್ಟಿದರೂ, ಅದರ ಸ್ಫಟಿಕಗಳ ಶುದ್ಧತೆಯೇ ಯಂತ್ರವಿಲ್ಲದ ಊರುಗಳ ಸೈದ್ಧಾಂತಿಕರಿಗೂ ಪ್ರವೇಶವನ್ನು ಒದಗಿಸಿತು. ಎರಡನೆಯದು, ಧಾರವಾಡದ ವಿದ್ವಾಂಸರು ಆ ಅವಕಾಶವನ್ನು ಕಾಲಕ್ಕೆ ಸರಿಯಾಗಿ ಗುರುತಿಸಿ, ಫೋನಾನ್ ಸೆಳೆತದಂತಹ ಯುಕ್ತವಾದ ಸಮಸ್ಯೆಯನ್ನು ಆರಿಸಿಕೊಂಡು, ಒಂದು ತಲೆಮಾರಿಗೂ ಮೀರಿ ನಡೆದ ಪರಂಪರೆಯನ್ನು ನಿರ್ಮಿಸಿದರು. ಮೂರನೆಯದು, ಆ ಪರಂಪರೆಯ ಮುದ್ರಿತ ಫಲವು ಉಳಿದಿದ್ದರೂ ಅದರ ಕೈಬರಹದ ಆಕರಗಳಿಗೆ ಯಾವ ರಕ್ಷಣೆಯೂ ಇಲ್ಲ.

ಈ ಮೂರನೆಯ ವಿಷಯದಲ್ಲಿ ಕಾಲೇಜುಗಳ ಇತಿಹಾಸ ವಿಭಾಗಗಳು ಮಾಡಬಹುದಾದ ಕೆಲಸವುಂಟು, ಅದಕ್ಕೆ ಹೆಚ್ಚಿನ ವೆಚ್ಚವೂ ಬೇಕಿಲ್ಲ. ನಿವೃತ್ತರಾದ ವಿಜ್ಞಾನದ ಅಧ್ಯಾಪಕರನ್ನು ಅವರ ಒಪ್ಪಿಗೆಯಿಂದ ಕಂಡು, ಅವರ ನೆನಪುಗಳನ್ನು ದಾಖಲಿಸುವುದು. ಅವರಲ್ಲಿ ಉಳಿದಿರುವ ಕರಡುಗಳ ಮತ್ತು ಪತ್ರಗಳ ಪಟ್ಟಿಯನ್ನು ಮಾಡುವುದು. ವಿಭಾಗಗಳ ವಾರ್ಷಿಕ ವರದಿಗಳನ್ನು ಒಂದೆಡೆ ಕೂಡಿಸುವುದು, ಇಷ್ಟಾದರೂ ಸಾಕು. ಹಳ್ಳಿಹಳ್ಳಿಗೆ ತಿರುಗಿ ಶಾಸನಗಳ ಪಡಿಯಚ್ಚು ತೆಗೆದ ಹಿರಿಯರು ಕಲ್ಲು ಇನ್ನಷ್ಟು ಸವೆಯುವುದಕ್ಕೆ ಮೊದಲೇ ಹೊರಟರು. ಕಲ್ಲಿಗಿಂತ ಬೇಗ ಸವೆಯುವ ಕಾಗದದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಅದಕ್ಕಿಂತಲೂ ಬೇಗ ಹೊರಡಬೇಕಾಗಿದೆ.